ಹಕ್ಕಿಗಡ್ಡೆಯಲ್ಲಿ ಒಂದು ಸಂಕ್ರಾಂತಿ

ಮದುವೆಯಾಗಿ ವರ್ಷ ತುಂಬುತ್ತ ಬಂದಿದ್ದರೂ ಕರೆಮ್ಮ ಗಂಡನ ಜೊತೆ ಎಲ್ಲಿಗೂ ತಿರುಗಾಡಲು ಹೋದವಳಲ್ಲ. ಕವಿತಾಳದಿಂದ ರಾಯಚೂರಿಗೆ ಬಂದ ಮೇಲೆ ಅವಳ ಲೋಕವೆಂದರೆ ಗಂಜ್ ಪೇಟೆಯ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆ, ನಳದ ಮುಂದಿನ ಕೊಡಗಳ ಸಾಲು, ಬಹಳವೆಂದರೆ ಸಂಜೆಯ ಹೊತ್ತು ಮಾವಿನಕೆರೆಯ ದಂಡೆ. ಹೀಗಾಗಿ ಎಂಬತ್ಮೂರನೆಯ ಇಸವಿಯ ಸಂಕ್ರಾಂತಿಗೆ ಗಂಡ ಜಂಬಣ್ಣ, "ಈ ಸಲ ಹೊಳಿಗೆ ಹೋಗೂಣು. ದೇವದುರ್ಗದ ಆಚಿಗೆ ಕೃಷ್ಣಾ ನಡುವ ಹಕ್ಕಿಗಡ್ಡಿ ಅಂತ ಅದ. ಸುತ್ತ ನೀರು, ನಡುವ ನಾವು. ನಿನಗ ಮೊಸಳಿ ತೋರಸ್ತೀನಿ," ಅಂದಾಗ ಅವಳು ನಕ್ಕುಬಿಟ್ಟಳು.

"ಮೊಸಳಿ ನೋಡಾಕ ಯಾರರ ಹೋಗತಾರೇನ್ರಿ?"

"ಮಂದಿ ಹಡಗ ಹತ್ತಿ ಸಮುದ್ರದಾಗಿನ ದ್ವೀಪಕ್ಕ ಹೋಗತಾರ. ನಮಗ ದೇವರು ಮಗ್ಗಲದಾಗ ಇಟ್ಟಾನ, ನೋಡಬಾರದೇನು?"

ಜಂಬಣ್ಣ ಗೊಬ್ಬರದ ಅಂಗಡಿಯೊಂದರಲ್ಲಿ ಗುಮಾಸ್ತ. ನಗುಮುಖದವ, ಮಾತಿನಮಲ್ಲ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೆ ಏನು ಮಾಡಿದರೂ ಅದನ್ನು ನಾಲ್ಕು ಮಂದಿ ನೋಡಿ ಭಲೇ ಅನ್ನಬೇಕು. ಇಲ್ಲದಿದ್ದರೆ ಆ ಕೆಲಸದ ರುಚಿಯೇ ಅವನಿಗೆ ಹತ್ತುತ್ತಿರಲಿಲ್ಲ. ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ಅಲ್ಲಾಉದ್ದೀನನನ್ನು ಕಾಡಿ ಬೇಡಿ ಒಂದು ಕ್ಯಾಮೆರಾ ತಂದ. ಮೊಸಳೆಯ ಹತ್ತಿರ ಹೆಂಡತಿಯನ್ನು ನಿಲ್ಲಿಸಿ ತೆಗೆದ ಫೋಟೋವನ್ನು ಅಂಗಡಿಯಲ್ಲಿ ತೂಗುಹಾಕುವುದಾಗಿ ಹಬ್ಬಕ್ಕೆ ಮೊದಲೇ ಗಂಜ್ ಪೇಟೆಯ ತುಂಬ ಹೇಳಿಕೊಂಡು ಬಂದಿದ್ದ.

ಹಬ್ಬದ ದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಸಿಕ್ಕಿದ ಟ್ರ್ಯಾಕ್ಟರ್ ಹತ್ತಿ ಹೊಳೆಯ ದಂಡೆಗೆ ಬಂದರು. ಹರಿಗೋಲಿನ ಗಡಿಗೆಪ್ಪ ಕಾಯುತ್ತಿದ್ದ. ಒಣಕಲು ಮೈಯ ನಡುವಯಸ್ಸಿನವ. ಜೊತೆಗೆ ಅವನ ಹೆಂಡತಿ ಭೀಮವ್ವ ಇದ್ದಳು. ಎತ್ತರದ ಆಳು, ಮೂಗಿನಲ್ಲಿ ದೊಡ್ಡ ಮೂಗುಬಟ್ಟು, ಮಾತಿಗೊಮ್ಮೆ ನಗು. ಹೆಣ್ಣುಮಕ್ಕಳು ಹರಿಗೋಲು ಹತ್ತಲು ಹೆದರುತ್ತಾರೆಂದು ಹಬ್ಬದ ದಿನಗಳಲ್ಲಿ ಗಂಡನ ಜೊತೆ ತಾನೂ ಬರುತ್ತಿದ್ದಳು.

ಹರಿಗೋಲು ಬುಗುರಿಯ ಹಾಗೆ ಒಂದು ಸುತ್ತು ತಿರುಗಿದಾಗ ಕರೆಮ್ಮ ಕಣ್ಣು ಮುಚ್ಚಿಕೊಂಡಳು. ಭೀಮವ್ವ ಅವಳ ಮಣಿಕಟ್ಟು ಹಿಡಿದು, "ಕಣ್ಣು ತೆರಿ ಯವ್ವಾ, ಮುಚ್ಚಿದ್ರ ಇನ್ನಷ್ಟು ತಿರಗತದ," ಅಂದಳು. ಕಣ್ಣು ತೆರೆದರೆ ನೀರು ಹಸಿರು, ನಡುನಡುವೆ ಆನೆಯ ಬೆನ್ನಿನಂಥ ಕರಿಗಲ್ಲುಗಳು. ಕಲ್ಲಿನ ಮೇಲೆ ನೀರುಕಾಗೆಗಳು ರೆಕ್ಕೆ ಹರವಿಕೊಂಡು ನಿಂತಿದ್ದವು. ಒಂದು ಕಡೆ ಐದಾರು ನೀರುನಾಯಿಗಳು ತಲೆ ಎತ್ತಿ ಇವರನ್ನು ನೋಡಿ, ಕೀಚಲು ದನಿ ತೆಗೆದು ಮುಳುಗಿದವು. ಕರೆಮ್ಮ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದಳು. ಅಷ್ಟು ಸಂತೋಷ ಅವಳಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

ಹಕ್ಕಿಗಡ್ಡೆ ದೊಡ್ಡದೇನಲ್ಲ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಮರಳು, ನಡುವೆ ಆಳೆತ್ತರದ ಜೊಂಡು ಮತ್ತು ಜಾಲಿ. ಗಿಡದ ನೆರಳಿನಲ್ಲಿ ನಾಲ್ವರೂ ಕೂತು ಬುತ್ತಿ ಬಿಚ್ಚಿ ಉಂಡರು. ಎಳ್ಳು ಹಚ್ಚಿದ ರೊಟ್ಟಿ ಬಾಯಿಗೆ ಹಾಕಿಕೊಂಡು ಭೀಮವ್ವ, "ನಿಮ್ಮ ಕವಿತಾಳದ ಕೈ ಚಲೋ ಅದ ಬಿಡು," ಎಂದು ಹೊಗಳಿದಳು.

ಉಂಡೆದ್ದ ಮೇಲೆ ಮೊಸಳೆ ಕಂಡಿತು. ಎದುರಿನ ಮರಳದಿಬ್ಬದ ಮೇಲೆ ಸುಟ್ಟ ದಿಮ್ಮಿಯ ಹಾಗೆ ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು, ಕಣ್ಣು ಮುಚ್ಚಿತ್ತು. ಕರೆಮ್ಮ ಕಣ್ಣು ಕೀಳದೆ ನೋಡಿದಳು. ಅದು ಸುಂದರವೂ ಅಲ್ಲ, ಅಸಹ್ಯವೂ ಅಲ್ಲ. ಹೊಳೆಗಿಂತ ಹಳೆಯದೇನೋ ಒಂದು ಬಿಸಿಲು ಕಾಯಿಸುತ್ತಿರುವಂತೆ ಕಂಡಿತು. ಜಂಬಣ್ಣನಿಗೆ ಮಾತ್ರ ಸಮಾಧಾನವಿಲ್ಲ. "ಇಷ್ಟು ದೂರದಿಂದ ಫೋಟೋದಾಗ ಅದು ಹಲ್ಲಿಯಂಗ ಕಾಣಸ್ತದ," ಅಂದು ಒಂದು ಕಲ್ಲು ಬೀಸಿದ. ಮೊಸಳೆ ಸದ್ದಿಲ್ಲದೆ ನೀರಿಗೆ ಸರಿದುಹೋಯಿತು.

ಅವನ ಮುಖ ಸಣ್ಣದಾಯಿತು. "ಏ ಗಡಿಗೆಪ್ಪ, ಮತ್ತ ಬರಂಗ ಮಾಡಾಕ ಆಗಂಗಿಲ್ಲೇನು?"

ಗಡಿಗೆಪ್ಪ ತಲೆ ಕೆರೆದುಕೊಂಡ. "ಗಾಳಕ್ಕಂತ ಕೋಳಿ ಕರಳು ತಂದೀನ್ರಿ ಧಣಿ. ಹೋದ ವಾರ ಬಂದ ಮಂದಿ ಮುಂದ ಒಗದಿದ್ದೆ, ದಂಡಿತನಕ ಬಂದಿತ್ತು. ಭಾಳ ಖುಷಿಯಾಗಿ ಹೋದ್ರು."

"ಮತ್ತ ಇಷ್ಟೊತ್ತು ಹೇಳಬಾರದೇನು? ಒಗಿ!"

ಇಬ್ಬರೂ ಬಂಡೆಯ ತುದಿಗೆ ಹೋದರು. ಗಡಿಗೆಪ್ಪ ಡಬ್ಬಿಯಲ್ಲಿದ್ದದ್ದನ್ನು ನೀರಿಗೆ ಸುರಿದ. ಕರೆಮ್ಮ ಬಂಡೆಯ ಕೆಳಗೆ, ಜೊಂಡು ತೆಳುವಾಗಿದ್ದ ಕಡೆ ನಿಂತಿದ್ದಳು. ಅಲ್ಲಿಂದ ಅವಳಿಗೆ, ಗಂಡಸರಿಗೆ ಕಾಣದ ಇನ್ನೊಂದು ಕಡೆ ಕಾಣುತ್ತಿತ್ತು. ಜೊಂಡಿನ ಆಚೆ, ಹರಿವು ಇಳಿಯುವ ಬದಿಯಲ್ಲಿ, ಭೀಮವ್ವ ಮೊಣಕಾಲುಮಟ ನೀರಿಗಿಳಿದು ಬುತ್ತಿಯ ಪಾತ್ರೆ ತೊಳೆಯುತ್ತಿದ್ದಳು. ತಾನೇ ತೊಳೆಯುತ್ತೇನೆಂದು ಹೊರಟಿದ್ದ ಕರೆಮ್ಮನ ಕೈಯಿಂದ, "ಹಬ್ಬದ ಸೀರಿ ತೊಯ್ತದ, ಕೊಡು," ಎಂದು ಕಸಿದುಕೊಂಡು ಹೋಗಿದ್ದಳು.

ಕರುಳಿನ ಎಳೆಗಳು ನೀರಿನ ಮೇಲೆ ತೇಲುತ್ತ ಅವಳ ಕಡೆಗೇ ಹೋಗುತ್ತಿದ್ದವು.

"ರೀ, ಭೀಮವ್ವ ಅಲ್ಲಿ..." ಕರೆಮ್ಮ ಬಾಯಿ ತೆರೆದಳು.

"ಶ್! ಸುಮ್ಮನಿರು," ಜಂಬಣ್ಣ ಹಿಂದಿರುಗಿ ನೋಡದೆ ಕೈ ಅಲ್ಲಾಡಿಸಿದ. "ಸಪ್ಪಳಾದ್ರ ಓಡಿ ಹೋಗತದ."

ಅವಳು ಸುಮ್ಮನಾದಳು. ಗಂಡ ಸುಮ್ಮನಿರು ಅಂದರೆ ಸುಮ್ಮನಿರುವುದು ರೂಢಿ. ಒಂದು ಉಸಿರು, ಎರಡು ಉಸಿರು. ಇನ್ನು ತಡೆಯಲಾರದೆ "ಭೀಮವ್ವಾ!" ಎಂದು ಕೂಗುವಷ್ಟರಲ್ಲಿ ನೀರು ಸಿಡಿಯಿತು.

ಭೀಮವ್ವ ಚೀರಲಿಲ್ಲ. "ಯವ್ವಾ" ಎಂದು ಒಮ್ಮೆ ಅಂದಳು, ಯಾರನ್ನೋ ಮನೆಯೊಳಗಿಂದ ಕರೆದ ಹಾಗೆ. ಅವಳ ಬಲಗೈ ಮೊಸಳೆಯ ಬಾಯಲ್ಲಿತ್ತು. ಜೊಂಡು ಸೀಳಿಕೊಂಡು ತಾನು ಹೇಗೆ ಓಡಿದೆನೆಂಬುದು ಕರೆಮ್ಮನಿಗೆ ಆಮೇಲೆ ಎಷ್ಟು ನೆನೆದರೂ ನೆನಪಾಗಲಿಲ್ಲ. ಹಿಂದಿನಿಂದ ಭೀಮವ್ವನ ನಡುವನ್ನು ಅಪ್ಪಿ, ಹಿಮ್ಮಡಿಗಳನ್ನು ಮರಳಿನಲ್ಲಿ ಊರಿ ಜಗ್ಗಿದಳು. ಆ ಕಡೆಯಿಂದ ಹೊಳೆಯೇ ಜಗ್ಗುತ್ತಿತ್ತು. ಗಡಿಗೆಪ್ಪ ಹರಿಗೋಲಿನ ಹುಟ್ಟು ಹಿಡಿದು ಓಡಿಬಂದು ಮೊಸಳೆಯ ಮುಸುಡಿಗೆ ಬಾರಿಸಿದ, ಕಣ್ಣಿಗೆ ತಿವಿದ, ಹುಟ್ಟು ಮುರಿಯಿತು. ತುಂಡನ್ನೇ ಹಿಡಿದು ಮತ್ತೆ ತಿವಿದ. ಆಗ ಅದು ಬಿಟ್ಟಿತು. ಮೂವರೂ ಒಬ್ಬರ ಮೇಲೊಬ್ಬರು ದಂಡೆಗೆ ಬಿದ್ದರು.

ಸೆರಗು ಹರಿದು ಭೀಮವ್ವನ ತೋಳಿಗೆ ಬಿಗಿಯಾಗಿ ಸುತ್ತುತ್ತ ಕರೆಮ್ಮ ತಲೆ ಎತ್ತಿದಳು. ಜಂಬಣ್ಣ ಬಂಡೆಯ ತೀರ ಮೇಲಿನ ತುದಿಗೆ ಹತ್ತಿ ನಿಂತಿದ್ದ. ಕ್ಯಾಮೆರಾವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದ. ಇಳಿದು ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಮುರಿದ ಹುಟ್ಟಿನಲ್ಲೇ ಹೊಳೆ ದಾಟಿದರು. ದಂಡೆಯಲ್ಲಿ ಹಬ್ಬಕ್ಕೆ ಬಂದಿದ್ದ ಮಂದಿ ಟ್ರ್ಯಾಕ್ಟರಿನಲ್ಲಿ ದೇವದುರ್ಗಕ್ಕೆ ಸಾಗಿಸಿದರು. ಅಲ್ಲಿ ಗಾಯ ತೊಳೆದು ಕಟ್ಟಿ, ರಾಯಚೂರಿಗೇ ಒಯ್ಯಿರಿ ಅಂದರು. ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರು ಜೀವ ಉಳಿಸಿದರು. ಮೊಣಕೈಯಿಂದ ಕೆಳಗೆ ಕೈ ಉಳಿಯಲಿಲ್ಲ.

ಮರುದಿನ ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಜಂಬಣ್ಣ ಗಡಿಗೆಪ್ಪನ ಪಕ್ಕ ಕೂತು ಸಣ್ಣ ದನಿಯಲ್ಲಿ ಹೇಳುತ್ತಿದ್ದುದು ಕರೆಮ್ಮನಿಗೆ ಕೇಳಿಸಿತು. "ಪೊಲೀಸ್ನಾರು ಬರತಾರ. ಕರಳು ಒಗದಿದ್ದು ಗೊತ್ತಾದ್ರ ನಿನಗ ಹೊಳಿಗೆ ಇಳಿಯಾಕ ಬಿಡಂಗಿಲ್ಲ. ನನ್ನ ಹೆಸರೂ ಬರತದ. ಆಕಿ ಪಾತ್ರಿ ತೊಳಿಯಾಕ ಇಳದ್ಲು, ನಾವು ಬ್ಯಾಡ ಅಂದ್ರೂ ಕೇಳಲಿಲ್ಲ. ಇಷ್ಟೇ ಅನ್ನು."

ಗಡಿಗೆಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದ.

ಹವಾಲ್ದಾರ ಬಂದು ಕೇಳಿದಾಗ ಜಂಬಣ್ಣ ತಡವರಿಸದೆ ಹೇಳಿದ. ಗಡಿಗೆಪ್ಪ ತಲೆಯಾಡಿಸಿದ. "ನೀವೇನಂತೀರಿ ತಂಗಿ?" ಎಂದು ಹವಾಲ್ದಾರ ತಿರುಗಿದ. ಅವಳಿಗಿಂತ ಮೊದಲೇ ಗಂಡ, "ಆಕಿ ಹೆದರಿಬಿಟ್ಟಾಳ್ರಿ, ಏನೂ ನೋಡಿಲ್ಲ," ಅಂದ. ಕರೆಮ್ಮ ತಲೆ ತಗ್ಗಿಸಿದಳು.

ಅಂದಿನಿಂದ ದಿನಾ ಗಂಜಿ ಮಾಡಿಕೊಂಡು ದವಾಖಾನೆಗೆ ಹೋಗತೊಡಗಿದಳು. ಹೋದಾಗಲೆಲ್ಲ ಭೀಮವ್ವನ ಅತ್ತೆ ಮಂಚದ ಕಾಲದೆಸೆಯಲ್ಲಿ ಕೂತು ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದಳು: "ಗಂಡ ಬ್ಯಾಡ ಬ್ಯಾಡ ಅಂದಾನ. ಕೇಳಬೇಕಲ್ಲ! ನೀರಾಗ ಇಳದ್ಲು. ಈಗ ಮನಿ ಮಂದಿಗೆಲ್ಲ ಕುತ್ತು ತಂದಿಟ್ಲು." ಭೀಮವ್ವ ಮೇಲಿನ ಸೂರು ನೋಡುತ್ತ ಮಲಗಿರುತ್ತಿದ್ದಳು. ಮಾತಿಗೊಮ್ಮೆ ನಗುತ್ತಿದ್ದ ಹೆಂಗಸು ಈಗ ಮಾತನ್ನೇ ಬಿಟ್ಟಿದ್ದಳು.

ಒಂದು ದಿನ ಅತ್ತೆ ಚಹಾ ಕುಡಿಯಲು ಹೊರಗೆ ಹೋದಾಗ ಭೀಮವ್ವ ತಾನಾಗಿ ಬಾಯಿ ತೆರೆದಳು. "ಯವ್ವಾ, ಅವ ಬ್ಯಾಡ ಅಂದಿದ್ನಂತ. ನನಗ ಕೇಳಿದ್ದ ನೆಪ್ಪಿಲ್ಲ. ನನ್ನ ಕಿವಿನ ಮಂದ ಆದವೇನು? ಖರೇ ಹೇಳು. ನಂದ ತಪ್ಪೇನು?"

ಕರೆಮ್ಮ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

"ಯಾರೂ ಬ್ಯಾಡ ಅಂದಿಲ್ಲ, ಅಕ್ಕಾ. ಆ ಕಡಿ ಬಂಡಿಗಲ್ಲಿನ ಮ್ಯಾಲೆ ನಿಂತು ಇಬ್ಬರೂ ಕೋಳಿ ಕರಳು ಒಗದ್ರು. ಫೋಟೋಕ್ಕಂತ. ಅದು ನಿನ್ನ ಕಡಿ ತೇಲಿ ಬಂತು. ನಿನ್ನ ಗಂಡಗ ನೀ ಅಲ್ಲಿದ್ದದ್ದು ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ನಾ ನೋಡಾಕತ್ತಿದ್ದೆ. ಕೂಗಾಕ ಹೋದೆ, ಇವರು ಸುಮ್ಮನಿರು ಅಂದ್ರು, ನಾ ಸುಮ್ಮನಾದೆ."

ಭೀಮವ್ವ ಅವಳನ್ನೇ ನೋಡಿದಳು. ಬೈಯುತ್ತಾಳೆಂದು ಕರೆಮ್ಮ ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಅವನ್ನ ಕರಿ," ಅಂದಳು.

ಗಡಿಗೆಪ್ಪ ಬಂದ. ಹಿಂದೆಯೇ ಅತ್ತೆಯೂ ಬಂದಳು. ಭೀಮವ್ವ ಗೋಡೆ ನೋಡುತ್ತಲೇ ಕೇಳಿದಳು: "ಕರಳು ಒಗದಿದ್ದೇನು?"

ಅವನು ನಿಂತಲ್ಲೇ ಕುಸಿದು ಕೂತ. ಮಂಚದ ಕಾಲು ಹಿಡಿದು ಹೋ ಎಂದು ಅಳತೊಡಗಿದ. ವಾರ್ಡಿನ ಮಂದಿಯೆಲ್ಲ ಎದ್ದು ನೋಡಿದರು. ಅತ್ತೆಯ ಬಾಯಿ ಅವತ್ತೇ ಮೊದಲ ಸಲ ಮುಚ್ಚಿತು.

ಸುದ್ದಿ ಗಂಜ್ ಪೇಟೆಗೆ ಮುಟ್ಟಲು ಹೊತ್ತಾಗಲಿಲ್ಲ. ಜಂಬಣ್ಣ ಸಂಜೆ ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದ. "ಅಂಗಡ್ಯಾಗ ಎಲ್ಲಾರೂ ಕೇಳಾಕತ್ತಾರ. ಕಟ್ಟಿಕೊಂಡ ಗಂಡನ ಮಾನ ಬಜಾರದಾಗ ಹರಾಜು ಹಾಕಿದೆಲ್ಲ! ಏನು ಸಿಕ್ತು ನಿನಗ?"

ಕರೆಮ್ಮ ಒಲೆಯ ಮುಂದಿನಿಂದ ಎದ್ದು ನಿಂತಳು. ದನಿ ಏರಿಸಲಿಲ್ಲ. "ಆಕಿನ್ನ ಮೊಸಳಿ ಜಗ್ಗಾಕತ್ತಾಗ ನೀವು ಕಲ್ಲಿನ ತುದಿ ಹತ್ತಿ ನಿಂತಿದ್ರಿ. ಅದೊಂದು ನಾ ಯಾರಿಗೂ ಹೇಳಿಲ್ಲ."

ಜಂಬಣ್ಣನ ಮುಖದ ಬಣ್ಣ ಇಳಿಯಿತು. ಆಮೇಲೆ ಹೊಸ್ತಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದ. ಬಿಚ್ಚಿದ ಮೇಲೂ ಅಲ್ಲೇ ಕೂತಿದ್ದ. "ನನಗ ಕಾಲು ಬರಲಿಲ್ಲ ಕರೆವ್ವಾ. ಖರೇನ ಬರಲಿಲ್ಲ," ಅಂದ, ಬೀದಿಯ ಕಡೆ ನೋಡುತ್ತ. ಅವಳಿಗೆ ಅವನ ಮೇಲೆ ಕನಿಕರ ಬಂತು. ಆದರೆ ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕೆನಿಸಲಿಲ್ಲ. ಹವಾಲ್ದಾರನ ಹತ್ತಿರ ಮತ್ತೆ ಹೋಗಿ ಹೇಳಿದ್ದನ್ನು ತಿದ್ದಿ ಬರುವಷ್ಟು ಧೈರ್ಯ ಆ ಮನೆಯಲ್ಲಿ ಇಬ್ಬರಿಗೂ ಇರಲಿಲ್ಲ. ಸಂಸಾರ ನಡೆಯಿತು, ಉಣ್ಣುವುದು ಬಡಿಸುವುದು ನಡೆಯಿತು, ತಿರುಗಾಡಲು ಹೋಗುವ ಮಾತು ಮಾತ್ರ ಮತ್ತೆ ಬರಲಿಲ್ಲ.

ಭೀಮವ್ವ ದವಾಖಾನೆಯಿಂದ ಗಂಡನ ಮನೆಗೆ ಹೋಗಲಿಲ್ಲ. ಮಾನ್ವಿ ಕಡೆಯ ಕಲ್ಲೂರಿನಲ್ಲಿ ಅವಳ ಅಣ್ಣನ ಮನೆಯಿತ್ತು, ಅಲ್ಲಿಗೆ ಹೋದಳು. ಮಳೆಗಾಲ ಕಳೆದ ಮೇಲೆ ಕರೆಮ್ಮ ಗಂಡನಿಗೆ ಹೇಳಿಯೇ, ಒಬ್ಬಳೇ ಬಸ್ಸು ಹತ್ತಿ ಕಲ್ಲೂರಿಗೆ ಹೋದಳು. ಊರ ಅಗಸೆಬಾಗಿಲ ಹತ್ತಿರ ಗಡಿಗೆಪ್ಪ ಕೂತಿದ್ದ. ಹರಿಗೋಲು ಬಿಟ್ಟು ಈಗ ಯಾರದೋ ಕುರಿ ಕಾಯುತ್ತಿದ್ದನಂತೆ. ಅಮಾವಾಸ್ಯೆಗೊಮ್ಮೆ ಬಂದು ಹೆಂಡತಿಯ ಅಣ್ಣನ ಮನೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಹೋಗುತ್ತಿದ್ದನಂತೆ, ಅವಳು ಹೊರಗೆ ಬರುತ್ತಿರಲಿಲ್ಲವಂತೆ. ಕರೆಮ್ಮನನ್ನು ಕಂಡು ಅವನು ಎದ್ದು ನಿಂತು ಕೈ ಮುಗಿದ. ಅದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಭೀಮವ್ವ ಅಡುಗೆಮನೆಯಲ್ಲಿದ್ದಳು. ಮೈ ಇಳಿದಿತ್ತು. "ಬಾ, ಕುಂದ್ರು," ಅಂದಳು. ಕರೆಮ್ಮ ತಂದಿದ್ದ ಸೀರೆ, ಹಣ್ಣುಗಳನ್ನು ನೋಡಿ ಮುಟ್ಟದೆ ಪಕ್ಕಕ್ಕೆ ಸರಿಸಿದಳು.

"ನೀ ಹೇಳದಿದ್ರ ನಾ ಅವನ ಜೊತಿಗೇ ಇರತಿದ್ದೆ," ಭೀಮವ್ವ ಅಂದಳು. "ನನ್ನ ಮ್ಯಾಲೆ ನಾನ ಸಿಟ್ಟು ಮಾಡಿಕೊಂಡು ಬಾಳೇವು ಮಾಡತಿದ್ದೆ. ಈಗ ಅವನ ಮ್ಯಾಲೆ ಸಿಟ್ಟು, ನಿನ್ನ ಮ್ಯಾಲೂ ಸಿಟ್ಟು. ಅಣ್ಣನ ಹೆಂಡತಿ ಕೈ ಕಾಯಾಕತ್ತೀನಿ. ಯಾವುದು ಚಲೋ ಇತ್ತು ಅಂತ ತಿಳೀವಲ್ದು."

ಕರೆಮ್ಮ ಕಣ್ಣೊರೆಸಿಕೊಂಡಳು.

"ಅಳಬ್ಯಾಡ. ಜೋಳದ ಹಿಟ್ಟು ಅಲ್ಲಿ ಅದ. ಒಂದು ಕೈಲೆ ರೊಟ್ಟಿ ಬಡಿಯಾಕ ಬರಂಗಿಲ್ಲ ನನಗ. ಹೊಲಕ್ಕ ಹೋದವರು ಬರೂ ಹೊತ್ತಾತು. ನೀ ಬಡಿ, ನಾ ಉರಿ ಹಾಕತೀನಿ."

ಕರೆಮ್ಮ ಸೆರಗು ಸಿಕ್ಕಿಸಿ ಹಿಟ್ಟಿನ ಮುಂದೆ ಕೂತಳು. ಭೀಮವ್ವ ಎಡಗೈಯಿಂದ ಕಟ್ಟಿಗೆ ಸರಿಸುತ್ತಿದ್ದಳು. ಹಿಟ್ಟು ಮುಗಿಯುವವರೆಗೆ ರೊಟ್ಟಿ ಬಡಿಯುವ ಸದ್ದೊಂದೇ ಕೇಳುತ್ತಿತ್ತು. ಏಳುವಾಗ ಭೀಮವ್ವ ಅವಳ ಮುಖ ನೋಡದೆ ಕೇಳಿದಳು:

"ಮತ್ತ ಬರತೀ?"

"ಬರತೀನಿ ಅಕ್ಕಾ."

"ಬಾ. ಆದ್ರ ಏನೂ ತರಬ್ಯಾಡ."