ಮೋಡದೊಳಗಿನ ಶಾಂತ ಮೂಲೆ

ನಕ್ಷತ್ರಗಳ ನಡುವೆ ತೇಲುವ ಆ ಅನಿಲದ ಮೋಡದಲ್ಲಿ ಹೊಸ ನಕ್ಷತ್ರ ಹುಟ್ಟುವುದೇ ಇಲ್ಲ ಎಂದು ಖಗೋಳವಿಜ್ಞಾನದ ಮೇಷ್ಟ್ರು ಇಪ್ಪತ್ತು ವರ್ಷದ ಹಿಂದೆ ಬರೆದಿದ್ದರು. ಅಲ್ಲಿನ ಅನಿಲ ದಿಕ್ಕೆಟ್ಟು ಸುಳಿಸುಳಿಯಾಗಿ ನುಗ್ಗುವುದರಿಂದ, ಒಂದೆಡೆ ಕೂಡುವ ಮೊದಲೇ ಚದುರಿಹೋಗುತ್ತದೆ ಎಂಬುದು ಅವರ ವಾದ. ಅವರಿಗೆ ಹೆಸರು ತಂದದ್ದೇ ಆ ಲೇಖನ.

ಈಗ ಅವರ ಶಿಷ್ಯೆ ಹೊಸ ದೂರದರ್ಶಕದ ಅಳತೆಗಳನ್ನಿಟ್ಟುಕೊಂಡು ಒದ್ದಾಡುತ್ತಿದ್ದಳು. ಮೋಡದ ಒಂದು ಮೂಲೆಯಲ್ಲಿ ಎರಡು ಪ್ರವಾಹಗಳು ಡಿಕ್ಕಿ ಹೊಡೆದು, ಅನಿಲ ದಟ್ಟವಾಗಿ, ಅದರ ಅಬ್ಬರ ಅಡಗಿತ್ತು. ನಕ್ಷತ್ರ ಹುಟ್ಟುವ ಮುನ್ನ ಆಗುವಂತೆ ಅದು ಮೆಲ್ಲಗೆ ಒಳಕ್ಕೆ ಕುಸಿಯುತ್ತಿತ್ತು. ಏಳು ಸಲ ಪರೀಕ್ಷಿಸಿದರೂ ಉತ್ತರ ಬದಲಾಗಲಿಲ್ಲ.

"ಹೋಗಿ ಹೇಳೇ, ನುಂಗಿಬಿಡ್ತಾರಾ?" ಎಂದಳು ಪಕ್ಕದ ಮೇಜಿನ ಗೆಳತಿ.

ಅವಳು ಅಳತೆಗಳ ನಕ್ಷೆ ಹಿಡಿದು ಮೇಷ್ಟ್ರ ಕೋಣೆಗೆ ಹೋದಳು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ನಕ್ಷೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಸರ್, ನೀವು ಬರೆದದ್ದು..."

"ತಪ್ಪು ಕಣಮ್ಮ. ಚದುರಿಸೋ ಸುಳೀನೇ ಕೂಡಿಸುತ್ತೆ ಅಂತ ನಂಗೆ ಹೊಳೀಲೇ ಇಲ್ಲ ನೋಡು." ಅವರ ಮುಖ ಅರಳಿತು. "ಅಂದ್ರೆ ಅಲ್ಲಿ ನಕ್ಷತ್ರ ಹುಟ್ಟುತ್ತೆ!"

"ಇನ್ನೊಂದು ಲಕ್ಷ ವರ್ಷಕ್ಕೆ, ಸರ್."

"ಅಷ್ಟೇನಾ? ಹಾಗಾದ್ರೆ ಬೇಗ ಬರೆಯೋಣ. ಮೊದಲ ಸಾಲಲ್ಲೇ ನನ್ನ ತಪ್ಪು ಹಾಕು."

ಅವರೇ ಎದ್ದು ಅವಳಿಗೆ ಕುರ್ಚಿ ಎಳೆದರು.