ಅಟ್ಟದ ಮೇಲಿನ ನುಲಿ

ಗದ್ದೆಪ್ಪನ ಹೆಸರಿಗೆ ಒಂದೇ ದಿನ ಎರಡು ಸಾವಿರದ ಆರುನೂರು ರೂಪಾಯಿ ಬಂದಾಗ ಗಬ್ಬೂರಿನ ಆ ಓಣಿಗೆ ಓಣಿಯೇ ಅವನ ಬಾಗಿಲಿಗೆ ಬಂದು ನಿಂತಿತು. ಎಂಬತ್ತೈದನೇ ಇಸವಿ, ಶಿವರಾತ್ರಿ ಮುಗಿದ ವಾರ. ಟಪಾಲಿನ ಜಂಬಣ್ಣ ಮೂರು ಮನಿಯಾರ್ಡರ್ ಫಾರಂಗಳನ್ನು ಕಟ್ಟೆಯ ಮೇಲೆ ಹರವಿ ಮಸಿಯ ಡಬ್ಬಿ ತೆರೆದ.

"ಅಪೀಲು ಗೆದ್ದೀರಿ ನೋಡ್ರಿ. ನಾಕು ವರ್ಷ ನಾಕು ತಿಂಗಳ ಹಿಂಬಾಕಿ. ಇನ್ನ ಮ್ಯಾಲ ತಿಂಗಳಾ ಐವತ್ತು ಬರ್ತದ. ಎಲ್ಲಿ, ಹೆಬ್ಬಟ್ಟು ಒತ್ತಪಾ ಗದ್ದೆಪ್ಪ" ಎಂದ.

ಗದ್ದೆಪ್ಪ ಒತ್ತಲಿಲ್ಲ. ಅಕ್ಕನ ಮುಖ ನೋಡಿದ. ಅವನಿಗೆ ಮಣಿಕಟ್ಟಿನಿಂದಾಚೆ ಇಲ್ಲದ್ದು ಬಲಗೈ; ಜಂಬಣ್ಣ ಕೇಳಿದ್ದು ಎಡಗೈ ಹೆಬ್ಬೆಟ್ಟು. ಆ ಎಡಗೈ ಯಾರೋ ಮರೆತು ಇಟ್ಟುಹೋದ ಸಾಮಾನಿನಂತೆ ಅವನ ತೊಡೆಯ ಮೇಲೆ ಬಿದ್ದಿತ್ತು. ಕೊನೆಗೆ ಅಕ್ಕ ಗೋಪಮ್ಮನೇ ಅದನ್ನೆತ್ತಿ, ಮಸಿಗೆ ತಾಗಿಸಿ, ಮೂರು ಕಡೆ ಒತ್ತಿಸಿದಳು. ನೆರೆದವರೆಲ್ಲ ನೋಟು ನೋಡುತ್ತಿದ್ದರು. ಅವಳು ಮಾತ್ರ ತಮ್ಮನ ಅಂಗೈ ನೋಡಿದಳು. ಅದು ಬಾಣಂತಿ ಕೂಸಿನ ಕೈಯಷ್ಟು ಮೆತ್ತಗಾಗಿತ್ತು.

ಅದು ಮೆತ್ತಗಾಗುವ ಕೈಯೇ ಆಗಿರಲಿಲ್ಲ. ಎಪ್ಪತ್ತಾರರಲ್ಲಿ ರಾಯಚೂರಿನ ಒಂದು ಹತ್ತಿ ಮಿಲ್ಲಿನ ಯಂತ್ರ ಅವನ ಬಲಗೈ ನುಂಗಿತು. ಊರಿಗೆ ಬಂದವನು ಎರಡು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಮೂರನೇ ತಿಂಗಳು ಎದ್ದು, ತೀರಿಹೋದ ಅಪ್ಪ ಮಂಚದ ಹೊರಸು ಹೆಣೆಯಲು ಇಟ್ಟಿದ್ದ ಪುಂಡಿನಾರಿನ ನುಲಿಹಗ್ಗವನ್ನು ಬಿಚ್ಚಿಕೊಂಡು ಕೂತ. ನುಲಿಯನ್ನು ಎಡಗೈಯಲ್ಲಿ ಎಳೆಯುವುದು, ಎಳೆದದ್ದನ್ನು ಬಲಗಾಲ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯುವುದು, ಗಂಟು ಬಿಗಿಯಲು ಹಲ್ಲು. ಮೊದಲ ಹೊರಸಿನ ಮೇಲೆ ಕೂತ ಗೋಪಮ್ಮ ನೇರ ನೆಲಕ್ಕೇ ಬಂದಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ವರ್ಷ ತುಂಬುವುದರೊಳಗೆ ದೇವದುರ್ಗದ ಸಂತೆಗೆ ಬಂದವರು ಗಾಡಿಯಲ್ಲಿ ಬರೀ ಚೌಕಟ್ಟು ಹೇರಿಕೊಂಡು ಇವರ ಮನೆ ಹುಡುಕುವಂತಾಯಿತು. ಹೆಣೆದು ಮುಗಿದ ಮೇಲೆ ಅವನದೊಂದು ಗತ್ತು ಇತ್ತು. ನಡುವಿನ ಎಳೆಯನ್ನು ಬೆರಳಿನಿಂದ ಮೀಟುವನು, ಅದು ಟಣ್ ಎನ್ನಬೇಕು. ಎನ್ನದಿದ್ದರೆ ಗಿರಾಕಿ ಎಷ್ಟು ಅವಸರ ಮಾಡಿದರೂ ಬಿಚ್ಚಿ ಮತ್ತೆ ಹೆಣೆಯುವನು.

ಅಂಗವಿಕಲರಿಗೆ ಸರ್ಕಾರ ತಿಂಗಳ ಪಗಾರ ಕೊಡುತ್ತದೆ ಎಂಬ ಸುದ್ದಿ ಬಂದಿದ್ದು ಎಂಬತ್ತರಲ್ಲಿ. ಗೋಪಮ್ಮ ಅರ್ಜಿ ಹಾಕಿಸಿದಳು. ವಿಚಾರಣೆಗೆಂದು ಕಂದಾಯ ಇಲಾಖೆಯ ಗಿರ್ದಾವರ ಸಾಹೇಬರು ಮನೆಗೇ ಬಂದರು. ಬಂದ ದೊಡ್ಡ ಮನುಷ್ಯರ ಎದುರು ಗದ್ದೆಪ್ಪನಿಗೆ ಎಲ್ಲಿಲ್ಲದ ಹುರುಪು. ಎಂದೂ ಹೆಣೆಯದಷ್ಟು ಚುರುಕಾಗಿ ನಾಲ್ಕು ಸಾಲು ಹೆಣೆದು, ಮೀಟಿ, ಟಣ್ ಎನಿಸಿ ತೋರಿಸಿದ. ಸಾಹೇಬರು ಭೇಷ್ ಎಂದರು, ಚಹಾ ಕುಡಿದರು, ಅರ್ಜಿದಾರ ದುಡಿಯಲು ಶಕ್ತನಿದ್ದಾನೆ ಎಂದು ಬರೆದುಕೊಂಡು ಹೋದರು. ಅರ್ಜಿ ವಜಾ ಆಯಿತು.

ಅವತ್ತು ಗೋಪಮ್ಮನ ಬಾಯಿ ಇಡೀ ಓಣಿಗೆ ಕೇಳಿಸಿತು. "ಶಾಣ್ಯಾ ಆಗಾಕ ಹೋಗಿದ್ದೆಲ್ಲಾ! ಅನ್ನದ ಗಂಗಾಳಕ್ಕ ನೀನ ಒದ್ದಿ!" ಎಂದು ಕೂಗಾಡಿ, ನುಲಿಯ ಸುರುಳಿಗಳನ್ನೆಲ್ಲ ಬಾಚಿ ಅಟ್ಟಕ್ಕೆ ಎಸೆದಳು. ಆಮೇಲೆ ತಮ್ಮನ ತಲೆಯ ಮೇಲೆ ಕೈ ಇಟ್ಟು, "ಅಪೀಲು ಹಾಕಸ್ತೀನಿ. ಅದು ಮುಗಿಯೋತನಕ ನುಲಿ ಮುಟ್ಟಿದಿ ಅಂದ್ರ ನನ್ನ ಹೆಣಾ ಮುಟ್ಟಿದಂಗ" ಎಂದು ಆಣೆ ಹಾಕಿದಳು.

ಗದ್ದೆಪ್ಪನಿಗೆ ಮೂರು ವರ್ಷವಿದ್ದಾಗಲೇ ಅವ್ವ ಹೋಗಿದ್ದಳು. ಸಾಕಿದವಳು ಈ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದು, ಕಳೆ ತೆಗೆದು, ಮೆಣಸಿನಕಾಯಿ ಬಿಡಿಸಿ ಅವನ ಹೊಟ್ಟೆ ತುಂಬಿಸಿದವಳು. ಅವಳ ಆಣೆ ಮೀರುವವನಲ್ಲ ಅವನು. ಹಟಮಾರಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು!

ರಾಯಚೂರಿಗೆ ಅಪೀಲು ಹೋಯಿತು. ಬರೆದುಕೊಟ್ಟವನು ಅಲ್ಲಿನ ಕಚೇರಿಯ ಬೇವಿನ ಗಿಡದ ಕೆಳಗೆ ಕೂರುವ ಅರ್ಜಿ ಬರೆಯುವ ಮಲಂಗಸಾಬ. ವಾಯಿದೆಯ ಮೇಲೆ ವಾಯಿದೆ ಬಿತ್ತು. ಗದ್ದೆಪ್ಪ ಬಾಗಿಲಲ್ಲಿ ಮೊಂಡುಗೈ ಕಾಣುವಂತೆ ಕೂತ. ಯಾವ ಹೊತ್ತಿನಲ್ಲಿ ಯಾವ ಸಾಹೇಬ ಬರುತ್ತಾನೋ ಎಂದು ಗೋಪಮ್ಮ ಅವನಿಗೆ ನೀರಿನ ಚೊಂಬನ್ನೂ ಎತ್ತಗೊಡಲಿಲ್ಲ. ಮನೆಯ ಹೊರಸು ತೊಟ್ಟಿಲಿನಂತೆ ಜೋತುಬಿತ್ತು, ಅದನ್ನೂ ಬಿಗಿಯಗೊಡಲಿಲ್ಲ.

ಎಂಬತ್ಮೂರರಲ್ಲಿ ಮಾನ್ವಿ ಕಡೆಯ ಪೋತ್ನಾಳದಿಂದ ಸುಂಕಪ್ಪ ಎಂಬುವನು ಬಂದ. ಅವನ ಬೀಗರ ಮನೆಯಲ್ಲಿ ಗದ್ದೆಪ್ಪ ಹೆಣೆದ ಹೊರಸು ಇತ್ತಂತೆ. ಮಗಳು ಅಮರಮ್ಮನಿಗೆ ಗಂಡು ನೋಡುತ್ತಿದ್ದೇನೆ ಎಂದ. "ಕೈ ಇಲ್ಲಂದ್ರ ಏನಾತವ್ವಾ, ಕಸುಬದಲ್ಲ. ಈಗೂ ಹೊರಸು ಹೆಣೀತಾನೇನು?" ಎಂದು ಕೇಳಿದ.

ಗೋಪಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುರುತಿಲ್ಲದ ಮನುಷ್ಯ, ಬಂದವನೇ ಹೊರಸಿನ ಮಾತು ತೆಗೆಯುತ್ತಾನೆ. ಕಚೇರಿಯವರೇ ಹಿಂಗೆ ಕಳಿಸಿರಬೇಕು ಅಂದುಕೊಂಡಳು. "ಇಲ್ರೀ ಯಪ್ಪಾ, ಅವನ ಕೈಲೆ ಏನೂ ಆಗಂಗಿಲ್ಲ. ಉಣ್ಣಾಕೂ ನಾನ ಕಲಸಿ ಕೊಡಬೇಕು" ಎಂದಳು. ಸುಂಕಪ್ಪ ನೀರು ಕುಡಿದು ಎದ್ದುಹೋದ. ಒಳಗೆ ಕೂತಿದ್ದ ಗದ್ದೆಪ್ಪ ಎಲ್ಲ ಕೇಳಿಸಿಕೊಂಡಿದ್ದ. ಅಂದು ರಾತ್ರಿ ಅವನು ಗಂಗಾಳ ಮುಟ್ಟಲಿಲ್ಲ. ಮರುದಿನದಿಂದ ಅಕ್ಕ ಅನ್ನ ಕಲಸಿ ಕೊಡುವವರೆಗೆ ಕಾಯತೊಡಗಿದ.

ಆಗಲಾದರೂ ಅವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಗೆದ್ದ ಮೇಲೆ ಎಲ್ಲಾ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಈಗ ಗೆದ್ದಾಗಿತ್ತು. ಹಣ ಬಂದ ಮೂರನೇ ದಿನ ಗೋಪಮ್ಮ ಒಂದು ಹುಂಜವನ್ನು ಚೀಲದಲ್ಲಿ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದಳು. ಮಲಂಗಸಾಬ ಹುಂಜ ನೋಡಿ ಖುಷಿಯಾದ. ತೀರ್ಪಿನ ನಕಲನ್ನು ಪೆಟ್ಟಿಗೆಯಿಂದ ತೆಗೆದ.

"ಓದ್ರಿ ಸಾಬ್ರೆ. ಏನಂತ ಬರ್ದಾರ? ನನ್ನ ತಮ್ಮಗ ಏನೂ ಮಾಡಾಕ ಆಗಂಗಿಲ್ಲಂತ ಒಪ್ಪಿದರಲ್ಲಾ?"

ಮಲಂಗಸಾಬ ಕನ್ನಡಕ ಏರಿಸಿ ಓದಿದ. "ಹಂಗಿಲ್ಲವ್ವಾ. ಕೇಳಿಲ್ಲೆ. ಅರ್ಜಿದಾರನ ಒಂದು ಕೈ ಇಲ್ಲದಿರುವುದು ವೈದ್ಯರ ಪತ್ರದಿಂದ ಸಾಬೀತಾಗಿದೆ. ಅವನು ಹೊರಸು ಹೆಣೆದು ಅಲ್ಪಸ್ವಲ್ಪ ಗಳಿಸುತ್ತಾನೆಂಬ ಕಾರಣಕ್ಕೆ ಮಾಸಾಶನ ನಿರಾಕರಿಸಲು ನಿಯಮದಲ್ಲಿ ಅವಕಾಶವಿಲ್ಲ. ಅಂದ್ರ ಗಿರ್ದಾವರಂದ ತಪ್ಪು ಅಂತ ಬರ್ದಾರ."

ಗೋಪಮ್ಮನಿಗೆ ಒಂದು ಸಲಕ್ಕೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಓದಿಸಿದಳು.

"ಹಂಗಾದ್ರ... ಈ ನಾಕು ವರ್ಷ ಅವ ಹೆಣಕೋಂತ ಕುಂತಿದ್ರೂ ಗೆಲ್ತಿದ್ದಿವೇನು?"

"ಗೆಲ್ತಿದ್ರಿ. ಯಾಕ, ಹೆಣೀಲಿಲ್ಲೇನು?"

"ನೀವು ಹೇಳಲಿಲ್ಲಲ್ರೀ ಸಾಬ್ರೆ."

"ನೀ ಕೇಳಲಿಲ್ಲಲ್ಲವ್ವಾ" ಎಂದ ಅವನು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ವಾಯಿದೆಗೆ ಬಂದಾಗೆಲ್ಲ ಅವಳು ಕೇಳಿದ್ದು ಒಂದೇ ಮಾತು, ರೊಕ್ಕ ಯಾವಾಗ ಬರುತ್ತದೆ ಎಂದು.

ಬಜಾರಿನಲ್ಲಿ ಅವಳು ಹೊಸ ಪುಂಡಿನುಲಿ ಕೊಂಡಳು, ಅಟ್ಟದಲ್ಲಿದ್ದ ಹಳೆಯದನ್ನು ಇಲಿ ತಿಂದು ಪುಡಿ ಮಾಡಿತ್ತು. ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಊರ ತನಕ ಅತ್ತಳು. ಪಕ್ಕದವಳು ಯಾರು ಹೋದರವ್ವಾ ಎಂದು ಕೇಳಿದಳು. ಏನೆಂದು ಹೇಳುವುದು? ಗಿರ್ದಾವರ ಒಂದು ಸಾಲು ತಪ್ಪು ಬರೆದಿದ್ದ, ದೊಡ್ಡ ಸಾಹೇಬರು ತಿದ್ದಿದರು. ತಾನು ಮಾಡಿದ್ದನ್ನು ತಿದ್ದುವ ಕಚೇರಿ ಯಾವ ಊರಲ್ಲಿದೆ? ಸರ್ಕಾರ ಐವತ್ತರಂತೆ ಲೆಕ್ಕ ಹಾಕಿ ಕೊಟ್ಟಿತು. ಪೋತ್ನಾಳದ ಹುಡುಗಿಯ ಹಿಂಬಾಕಿ ಯಾರು ಕೊಡುತ್ತಾರೆ?

ಗದ್ದೆಪ್ಪ ಬಾಗಿಲಲ್ಲೇ ಕೂತಿದ್ದ. ಅವಳು ಜೋತುಬಿದ್ದ ಹೊರಸನ್ನು ಅಂಗಳಕ್ಕೆ ಎಳೆದು, ಹಳೆಯ ನುಲಿ ಕೊಯ್ದು ಹಾಕಿ, ಹೊಸ ಸುರುಳಿಯನ್ನು ಅವನ ಕಾಲ ಬಳಿ ಇಟ್ಟಳು. ಅವನು ಥಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡ.

"ಯಕ್ಕಾ, ಒಳಗಿಡು. ಯಾರರ ನೋಡಿದ್ರ ತಿಂಗಳಿಂದು ನಿಲ್ಲಸ್ತಾರ."

"ಯಾರೂ ನಿಲ್ಲಸಂಗಿಲ್ಲೋ. ಕಾಗದದಾಗ ಬರ್ದಾರ. ಹೊರಸು ಹೆಣದ್ರೂ ರೊಕ್ಕ ಬರ್ತದಂತ. ನನ್ನ ಆಣಿನೂ ತೀರ್ತು."

ಗದ್ದೆಪ್ಪ ನುಲಿಯ ತುದಿಯನ್ನು ಕಾಲಿನಿಂದ ಮುಟ್ಟಿ ನೋಡಿದ. ಆಮೇಲೆ ತಲೆ ಎತ್ತಿ ಕೇಳಿದ. "ಮೊದಲಿಂದಾನೂ ಹಿಂಗ ಇತ್ತೇನು?"

ಇದೇ ಪ್ರಶ್ನೆಗೆ ಅವಳು ದಾರಿಯುದ್ದಕ್ಕೂ ಹೆದರಿದ್ದಳು. ನಿಜ ಹೇಳಬೇಕು, ಕಾಲು ಹಿಡಿದಾದರೂ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು.

"ಇಲ್ಲಪಾ" ಎಂದುಬಿಟ್ಟಳು. "ಈಗ ಹೊಸದಾಗಿ ಮಾಡ್ಯಾರ."

ಗದ್ದೆಪ್ಪನ ಮುಖ ಸಡಿಲಾಯಿತು. "ಹಂಗಾದ್ರ ನೀ ಬಿಡಿಸಿದ್ದ ಛಲೋ ಆತು ಬಿಡು ಯಕ್ಕಾ. ನಾನ ಸುಳ್ಳ ಸುಳ್ಳ ನಿನ್ನ ಮ್ಯಾಲ ಸಿಟ್ಟ ಇಟಗೊಂಡಿದ್ದೆ. ಮನಸಿನ್ಯಾಗ ಹಿಡೀಬ್ಯಾಡ."

ಅವನು ಚೌಕಟ್ಟಿನ ಮುಂದೆ ಸರಿದು ಕೂತ. ಎಡಗೈಯಿಂದ ನುಲಿ ಸುತ್ತಿ ಎಳೆದ, ಬಲಗಾಲ ಹೆಬ್ಬೆರಳಿನಲ್ಲಿ ಒತ್ತಿದ. ನುಲಿ ಜಾರಿತು. ಮತ್ತೆ ಎಳೆದ, ಮತ್ತೆ ಜಾರಿತು. ಮೂರನೇ ಸಲಕ್ಕೆ ಮೆತ್ತನೆಯ ಅಂಗೈ ತರಚಿ ರಕ್ತ ಬಂತು. ಅವನು ನಾಚಿಕೊಂಡು ನಕ್ಕ.

"ರೂಢಿ ತಪ್ಪೇದ. ಈ ತುದಿ ನೀ ಒಂಚೂರು ಹಿಡಿ ಯಕ್ಕಾ."

ಗೋಪಮ್ಮ ಕೂತು ಹಿಡಿದಳು. ಕತ್ತಲಾಗುವ ಹೊತ್ತಿಗೆ ಮೂರು ಸಾಲು ಆದವು. ಗದ್ದೆಪ್ಪ ಹಳೆಯ ರೂಢಿಯಂತೆ ನಡುವಿನ ಎಳೆಯನ್ನು ಮೀಟಿ ಕಿವಿ ಕೊಟ್ಟ. ಸದ್ದು ಬರಲಿಲ್ಲ. ಅವನು ಮೂರೂ ಸಾಲು ಬಿಚ್ಚಿದ, ಅವಳು ಮತ್ತೆ ತುದಿ ಹಿಡಿದಳು.