ಲಾರ್ಕ್ ಕೌಂಟಿಯ ಮೂರು ಖಾಲಿ ಜಾಗ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಹತ್ತು ವರ್ಷಕ್ಕೊಮ್ಮೆ ಜನರನ್ನು ಒಂದು ಪ್ರಶ್ನೆ ಕೇಳುತ್ತಾರೆ: ನಿಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತ ಈಗಿರುವ ರೀತಿಯಲ್ಲೇ ಇರಬೇಕೋ ಬೇಡವೋ ಎಂದು ಒಮ್ಮೆ ಪರಿಶೀಲಿಸೋಣವೇ? ಲಾರ್ಕ್ ಕೌಂಟಿಯಲ್ಲಿ ಈ ಪ್ರಶ್ನೆ ಮತಪತ್ರದ ಹಿಂಬದಿಯಲ್ಲಿ ಇರುತ್ತಿತ್ತು. ಅಲ್ಲಿಯ ಜನ ಹಾಳೆ ಮಗುಚಿ ನೋಡುವ ಜಾತಿಯವರಲ್ಲ.

ಈ ಸಲ ಮಗುಚಿದರು. ಮಗುಚಿಸಿದವಳು ಆರ್ಡಿಸ್ ಕ್ವಾಮ್ಮೆ, ಹಳ್ಳದ ಆಚೆ ದನ ಸಾಕಿಕೊಂಡಿರುವ ವಿಧವೆ. ಅವಳಿಗೆ ರಾಜಕೀಯದ ಹುಚ್ಚಿರಲಿಲ್ಲ, ಸಿಟ್ಟಿತ್ತು. ಅವಳ ಮನೆಗೆ ಹೋಗುವ ಸೇತುವೆ ಶಿಥಿಲವಾಗಿದೆ ಎಂದು ಕೌಂಟಿ ನಡೆಸುವ ಮೂವರು ಕಮಿಷನರುಗಳು ಎರಡು ಸಿಮೆಂಟ್ ದಿಮ್ಮಿ ಅಡ್ಡ ಇಟ್ಟು ಮರೆತುಬಿಟ್ಟಿದ್ದರು. ಅವಳ ಗಂಡ ಒರ್ವಿಲ್‌ಗೆ ಎದೆನೋವು ಬಂದಾಗ ಆಂಬುಲೆನ್ಸ್ ಆ ದಿಮ್ಮಿಗಳ ತನಕ ಬಂದು, ತಿರುಗಿ, ಗುಡ್ಡ ಬಳಸಿಕೊಂಡು ಬಂತು. ಬರುವಷ್ಟರಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಕಮಿಷನರುಗಳ ಅಧ್ಯಕ್ಷ ಡೆಲ್ಮರ್ ಟ್ವೀಟನ್ ಮಣ್ಣಿಗೆ ಬಂದಿದ್ದ. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮು, ಆಲೂಗಡ್ಡೆ ತಿಂದು, ಮುಂದಿನ ಬಜೆಟ್ಟಿನಲ್ಲಿ ಸೇತುವೆ ಖಂಡಿತ ಎಂದು ಬಾಯಿ ಒರೆಸಿಕೊಂಡಿದ್ದ. ಆಮೇಲೆ ಎಷ್ಟು ಬಜೆಟ್ ಬಂದವೋ, ದಿಮ್ಮಿಗಳು ಅಲ್ಲೇ ಇದ್ದವು.

ಕೌಂಟಿಯ ದುಡ್ಡು, ರಸ್ತೆ, ಸೇತುವೆ, ರಸ್ತೆ ಮಟ್ಟ ಮಾಡುವ ಗ್ರೇಡರ್ ಯಂತ್ರ ಎಲ್ಲವೂ ಆ ಮೂರು ಜನರ ಕೈಯಲ್ಲಿ. ನಿರ್ಧರಿಸುವವರೂ ಅವರೇ, ನಡೆಸುವವರೂ ಅವರೇ, ತಪ್ಪಾದರೆ ವಿಚಾರಿಸುವವರೂ ಅವರೇ. ಇದನ್ನು ಬಿಡಿಸಿ ನೋಡಬೇಕು ಎಂದು ಆರ್ಡಿಸ್ ಚಳಿಗಾಲವಿಡೀ ಪಿಕಪ್ ಓಡಿಸಿಕೊಂಡು ಮನೆಮನೆಗೆ ಹೋದಳು. "ಹೌದು" ಅಂದರೆ ನಾಳೆಯೇ ಏನೂ ಬದಲಾಗುವುದಿಲ್ಲ, ಮೂವರು ಆಯ್ಕೆಯಾಗಿ ಕೂತು ಪರಿಶೀಲಿಸುತ್ತಾರೆ, ಅವರು ಹೇಳಿದ್ದು ಹಿಡಿಸದಿದ್ದರೆ ಮತ್ತೆ ನೀವೇ ಬೇಡ ಅನ್ನಬಹುದು ಎಂದು ಒದರಿ ಒದರಿ ಗಂಟಲು ಕೆಡಿಸಿಕೊಂಡಳು. ತೆರಿಗೆ ಏರುತ್ತದಾ ಎಂದು ಕೇಳಿದವರ ಮುಂದೆ ಸಿಟ್ಟು ನುಂಗಿದಳು. ಜೂನ್‌ನಲ್ಲಿ "ಹೌದು" ಕೂದಲೆಳೆಯಲ್ಲಿ ಗೆದ್ದಿತು.

ಇನ್ನು ಪರಿಶೀಲನಾ ಸಮಿತಿಯ ಮೂರು ಜಾಗಕ್ಕೆ ನವೆಂಬರಿನಲ್ಲಿ ಚುನಾವಣೆ. ನಿಲ್ಲುವವರು ಬೇಸಿಗೆ ಮುಗಿಯುವುದರೊಳಗೆ ಕೌಂಟಿ ಕಚೇರಿಯಿರುವ ಕೋರ್ಟ್‌ಹೌಸಿಗೆ ಹೋಗಿ ಹೆಸರು ಕೊಡಬೇಕು. ಲಾರ್ಕ್ ಕೌಂಟಿಯವರು ಎಡವಿದ್ದು ಇಲ್ಲಿ.

ಅಲ್ಲಿ ತಾನಾಗಿ ಮುಂದೆ ಬರುವವನನ್ನು ಯಾರೂ ನಂಬುವುದಿಲ್ಲ. ಕರುಗಳಿಗೆ ಕಾದ ಮುದ್ರೆ ಹಾಕುವ ದಿನ ನೆರೆಯವನು ಕರೆದರೆ ತನ್ನ ಹುಲ್ಲು ಒಣಗುತ್ತಿದ್ದರೂ ಬಿಟ್ಟು ಓಡುತ್ತಾರೆ, ಕರೆಯದಿದ್ದರೆ ಬೇಲಿ ದಾಟುವುದಿಲ್ಲ. ಚರ್ಚಿನ ಮಂಡಳಿಯಾಗಲಿ ಶಾಲೆಯ ಮಂಡಳಿಯಾಗಲಿ, ಯಾರೋ ಒಬ್ಬರು ಮನೆಗೆ ಬಂದು ಕಾಫಿ ಕುಡಿದು ಕೇಳಬೇಕು. ಎರಡು ಸಲ ಒಲ್ಲೆ ಅನ್ನಬೇಕು. ಮೂರನೇ ಸಲಕ್ಕೆ "ಬೇರೆ ಯಾರೂ ಇಲ್ಲ ಅಂದ್ರೆ ಸರಿ" ಎಂದು ನೆಲ ನೋಡಬೇಕು. ತಾನೇ ಹೆಸರು ಕೊಟ್ಟವರನ್ನು ಆರ್ಡಿಸ್ ಕೂಡ ಜೀವಮಾನವಿಡೀ ಆಡಿಕೊಂಡವಳೇ.

ಅವಳು ರೂಬಾರ್ಬ್ ಎಂಬ ಹುಳಿದಂಟಿನ ಕಡುಬು ಬೇಯಿಸಿಟ್ಟು ಕಾದಳು. ರಸ್ತೆಯಲ್ಲಿ ಧೂಳೆದ್ದರೆ ಕಿಟಕಿಗೆ ಹೋಗುತ್ತಿದ್ದಳು. ಸೇತುವೆ ಮುಚ್ಚಿದ ಕಡೆಗೆ, ಗುಡ್ಡ ಬಳಸಿಕೊಂಡು ಯಾರು ಬರುತ್ತಾರೆ? ಒಮ್ಮೆ ಪೇಟೆಯಲ್ಲಿ ಕೆಫೆ ನಡೆಸುವ ಜೋಲೀನ್, ನೀವಂತೂ ನಿಂತೇ ನಿಲ್ಲುತ್ತೀರಿ ಬಿಡಿ ಅಂದಳು. ಆರ್ಡಿಸ್ ನೋಡೋಣ ಅಂದಳು. ಅದು ಮೊದಲನೆಯ ಒಲ್ಲೆ. ಜೋಲೀನ್ ಇನ್ನೊಮ್ಮೆ ಕೇಳಬೇಕಿತ್ತು. ಅವಳು ಕಾಫಿ ಹಿಡಿದು ಪಕ್ಕದ ಮೇಜಿಗೆ ಹೋದಳು.

ಗಡುವು ಮುಗಿಯಿತು. ಮೂರು ಜಾಗಕ್ಕೆ ಒಂದೇ ಒಂದು ಹೆಸರು ಬಂದಿರಲಿಲ್ಲ. ಸುದ್ದಿ ಕೇಳಿದವರೆಲ್ಲ ಆರ್ಡಿಸ್ ಹೆಸರು ಕೊಟ್ಟಿರುತ್ತಾಳೆ ಅಂದುಕೊಂಡಿದ್ದೆವು ಅಂದರು. ಅವಳು ಕೆಫೆಗೆ ಹೋಗಿ, ತುಂಬಿದ ಮೇಜುಗಳ ನಡುವೆ ನಿಂತಳು.

"ಹಿಮದಲ್ಲಿ ನಾನು ನಿಮ್ಮೆಲ್ಲರ ಮನೆ ಬಾಗಿಲಿಗೆ ಬಂದೆ. ನಿಮ್ಮಲ್ಲಿ ಒಬ್ರಿಗಾದ್ರೂ ನನ್ನ ಬಾಗಿಲಿಗೆ ಬರೋಕೆ ಕಾಲು ಬರ್ಲಿಲ್ವಾ?"

ಜೋಲೀನ್ ಮಾತ್ರ ಮೆಲ್ಲಗೆ ಹೇಳಿದಳು. "ಬಂದ್ರಿ. ವೋಟು ಹಾಕಿ ಅಂದ್ರಿ. ನೀನು ನಿಲ್ಲು ಜೋಲೀನ್ ಅಂತ ಅಂದ್ರಾ? ಯಾರನ್ನಾದ್ರೂ ಕೇಳಿದ್ರಾ?"

ಆರ್ಡಿಸ್‌ಗೆ ಯಾರನ್ನಾದರೂ ಕೇಳಬೇಕೆಂದು ಹೊಳೆದೇ ಇರಲಿಲ್ಲ, ತನ್ನನ್ನು ಯಾರು ಕೇಳುತ್ತಾರೆಂದು ಕಾಯುವುದರಲ್ಲೇ ಬೇಸಿಗೆ ಕಳೆದಿತ್ತು. ಊರಿನ ಮೇಲಿನ ಸಿಟ್ಟು ತಿರುಗಿ ತನ್ನ ಮೇಲೇ ಬಂತು, ಅದು ಇನ್ನೂ ಉರಿಯಿತು.

ಖಾಲಿ ಉಳಿದ ಜಾಗವನ್ನು ಕಮಿಷನರುಗಳೇ ತುಂಬಬಹುದು ಎಂದು ನಿಯಮ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಒಂದು ಮಧ್ಯಾಹ್ನ ಗುಡ್ಡದ ಕಡೆಯಿಂದ ಧೂಳೆದ್ದಿತು. ಬಂದವನು ಡೆಲ್ಮರ್. ಅಡುಗೆಮನೆಯಲ್ಲಿ ಕೂತು, ಟೋಪಿ ಮೊಣಕಾಲ ಮೇಲಿಟ್ಟು, ಕಾಫಿ ಕುಡಿದ. ಎರಡು ಜಾಗಕ್ಕೆ ತನ್ನ ಅಳಿಯನನ್ನೂ ನಿವೃತ್ತನಾದ ರಸ್ತೆ ಮೇಸ್ತ್ರಿಯನ್ನೂ ಹಾಕಿದ್ದನ್ನು ನಾಚಿಕೆಯಿಲ್ಲದೆ ಹೇಳಿದ.

"ಮೂರನೇದಕ್ಕೆ ನೀನು ಬರ್ತೀಯಾ, ಆರ್ಡಿಸ್?"

"ನಾನಿದ್ರೆ ಜನ ತಕರಾರು ಎತ್ತಲ್ಲ ಅಂತ ತಾನೇ?"

"ಹೂಂ, ಅದೂ ಇದೆ."

"ಪ್ರತಿ ಸಲ ವೋಟಿಗೆ ಅವರಿಬ್ರು ಒಂದ್ಕಡೆ, ನಾನೊಬ್ಳು."

ಡೆಲ್ಮರ್ ಇನ್ನೆರಡು ಸಲ ಕೇಳುವುದಕ್ಕೆ ತಯಾರಾಗಿಯೇ ಬಂದಿದ್ದ, ಆರಾಮಾಗಿ ಕುರ್ಚಿಗೆ ಒರಗಿದ.

"ಬರ್ತೀನಿ," ಅಂದಳು ಆರ್ಡಿಸ್. "ಒಲ್ಲೆ ಅನ್ನಲ್ಲ. ಒಂದೊಂದು ಸಭೆಯಲ್ಲೂ ಆ ದಿಮ್ಮಿ ಯಾರು ಇಡಿಸಿದ್ದು ಅಂತ ಕೇಳ್ತೀನಿ, ನಿನ್ನ ಅಳಿಯ ಬರ್ಕೊಳ್ಲಿ. ಕಾಫಿ ಮುಗೀತಲ್ಲ, ಎದ್ದೇಳು."

ಅವನು ಎದ್ದು ಹೋದ. ಅವಳು ಅವನ ಕಪ್ಪನ್ನು ಉಜ್ಜಿದಳು, ಮತ್ತೆ ಉಜ್ಜಿದಳು. ಒರ್ವಿಲ್‌ನನ್ನು ಮಣ್ಣಿಗೆ ಕಳಿಸಿದ ಮನುಷ್ಯ ಅವನು. ಇಡೀ ಕೌಂಟಿಯಲ್ಲಿ ಗುಡ್ಡ ಬಳಸಿ ಬಂದು ಅವಳನ್ನು ಕೇಳಿದವನೂ ಅವನೊಬ್ಬನೇ. ಕೇಳಿದ ಗಳಿಗೆಯಲ್ಲಿ ಅವಳಿಗೆ ಸಂತೋಷವಾಗಿತ್ತು. ಮಿಕ್ಕಿದ್ದನ್ನೆಲ್ಲ ಒಂದು ದಿನ ಕ್ಷಮಿಸಿದರೂ, ಅದೊಂದನ್ನು ಅವಳು ಅವನಿಗೆ ಕ್ಷಮಿಸಲಾರಳು.